ತಿರುವಿನಾಗ ಧೂಳಿರಲಿಲ್ಲ

ನನ್ನ ಹೆಂಡ್ತಿ ನನ್ನನ್ನ ಬ್ರೇಕ್ ಅಂತ ತಿಳ್ಕೊಂಡಿದ್ಲು. ತಮಾಷಿಗೆ ಹೇಳಾಕತ್ತಿಲ್ಲ. ಆಕಿ ತಮ್ಮ ರೇಸಿಗೆ ಹೋಗ್ತೀನಿ ಅಂತ ಹಟ ಹಿಡಿದಾಗ ಅವನ ಪಕ್ಕದ ಸೀಟಿನಾಗ ನನ್ನನ್ನ ಕುಂದ್ರಿಸಿದಾಕಿ ಆಕಿನೇ. ಬಾಜೂಕ ಅಕ್ಕನ ಗಂಡ ಕುಂತಿದ್ರ ಯಾವ ತಮ್ಮನೂ ಹುಚ್ಚುಚ್ಚಾಗಿ ಗಾಡಿ ಹೊಡೆಯೋದಿಲ್ಲ ಅನ್ನೋದು ಆಕಿ ಲೆಕ್ಕ. ಎಂಥಾ ಲೆಕ್ಕ ಅದು!

ಮೈನ್ಸ್ ಜೋರಿದ್ದ ಕಾಲ. ನಮ್ಮ ಮನಿ ಪಾಪಿನಾಯಕನಹಳ್ಳಿಯಾಗ, ಅದಿರು ಲಾರಿ ಓಡಾಡೋ ರಸ್ತೆಗೆ ಅಂಟಿಕೊಂಡೇ ಐತಿ. ಮುಂದಿನ ಕೋಣಿಯಾಗ ನಂದು ಲಾರಿ ಸ್ಪೇರ್‌ಪಾರ್ಟ್ಸ್ ಅಂಗಡಿ. ಒಗೆದ ಬಟ್ಟಿ ಒಣಗೋದ್ರೊಳಗ ಕೆಂಪಾಗೋವು, ಹಾಲಿನ ಕೆನಿ ಮ್ಯಾಲೂ ಕೆಂಪು ಪುಡಿ ಕುಂದ್ರೋದು. ಧೂಳು ಅಡಗಲಿ ಅಂತ ಮಧ್ಯಾಹ್ನಕ್ಕ ಒಂದು ಟ್ಯಾಂಕರ್ ರಸ್ತೆಗೆ ನೀರು ಬಿಟ್ಕೊಂತ ಬರ್ತಿತ್ತು. ನಮ್ಮ ಓಣಿ ಹೆಂಗಸ್ರು ಆ ಡ್ರೈವರಿಗೆ ಮಜ್ಜಿಗಿ ಕೊಟ್ಟು, ಅಣ್ಣಾ ತಮ್ಮಾ ಅಂತ ಮಾತಾಡಿಸಿ, ತಂತಮ್ಮ ಮನಿ ಮುಂದ ಒಂದೀಟು ಹೆಚ್ಚಿಗಿ ನೀರು ಬಿಡಿಸ್ಕೊಂತಿದ್ರು. ಈ ಕೆಲಸದಾಗ ನನ್ನ ಹೆಂಡ್ತಿ ಎಲ್ಲಾರಿಗಿಂತ ಮುಂದು. ನಮ್ಮ ಬಾಗಿಲ ಮುಂದ ಬಂತಂದ್ರ ಟ್ಯಾಂಕರಿನವ ಕರೀದಿದ್ರೂ ಹಾರ್ನ್ ಹೊಡೀತಿದ್ದ.

ಆಕಿ ತಮ್ಮ ಕಂಪ್ಲಿಯಾಗ ಅಪ್ಪನ ಅಕ್ಕಿ ಗಿರಣಿ ನೋಡ್ಕೊಂತಿದ್ದ. ನೋಡ್ಕೊಂತಿದ್ದ ಅಂದ್ರ ಕುರ್ಚಿ ಹಾಕ್ಕೊಂಡು ಕುಂದ್ರತಿದ್ದ ಅಷ್ಟ, ಮನಸೆಲ್ಲಾ ಗಾಡಿ ಮ್ಯಾಲ. ಅವರವ್ವ ಜಲ್ದಿ ತೀರಿಹೋಗಿದ್ಲು. ಅವನ್ನ ಎತ್ತಿ ಆಡಿಸಿ ಉಣಿಸಿ ದೊಡ್ಡವನ್ನ ಮಾಡಿದಾಕಿ ಈ ಅಕ್ಕ. ಆ ವರ್ಷಗಳಾಗ ನಮ್ಮ ಕಡೆ ಕಂಡಕಂಡೋರೆಲ್ಲಾ ಹೊಸ ಗಾಡಿ ತಗೊಂಡು ಮೆರೀತಿದ್ರ ಇವ ಒಂದು ಹಳೇ ಕಾರು ತಂದು, ಒಳಗಿಂದೆಲ್ಲಾ ಕಿತ್ತು ಬಿಸಾಕಿ, ರೇಸಿಗೆ ತಯಾರು ಮಾಡ್ದ. ಸಂಡೂರು ಗುಡ್ಡದ ಟಾರ್ ರಸ್ತೆದಾಗ ರ‍್ಯಾಲಿ ಇಡ್ತಾರಂತ ಸುದ್ದಿ ಬಂದಿದ್ದೇ ತಡ, ಹೆಸರು ಕೊಟ್ಟು ಬಂದುಬಿಟ್ಟ.

ಈ ರ‍್ಯಾಲಿ ಅಂದ್ರ ಎಲ್ಲಾ ಗಾಡಿ ಕೂಡೇ ಓಡೋದಲ್ಲ. ಒಂದು ಮುಂಜಾನಿ ರಸ್ತೆ ಬಂದ್ ಮಾಡಿ ಒಂದೊಂದೇ ಗಾಡಿ ಬಿಡ್ತಾರ. ಯಾರು ಜಲ್ದಿ ಮುಟ್ಟಿದ್ರು ಅವ್ರು ಗೆದ್ರು. ಪಕ್ಕದಾಗ ಕುಂತವ ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಬಿಗಿ ಐತಿ ಅಂತ ಮೊದಲೇ ಕೂಗಿ ಹೇಳ್ಬೇಕು. ಮಣ್ಣಿನ ರಸ್ತೆದಾಗ ಗಾಡಿ ಜಾರೋ ಮುಂಚೆ ಒಂದೀಟು ಸುಳಿವು ಕೊಡ್ತೈತಿ. ಟಾರ್ ರಸ್ತೆ ಹಂಗಲ್ಲ, ಗಟ್ಟಿಯಾಗಿ ಹಿಡ್ಕೊಂಡೇ ಇರ್ತೈತಿ, ಕೈಬಿಟ್ರ ಒಮ್ಮೆಗೇ ಬಿಡ್ತೈತಿ.

ಹೆಲ್ಮೆಟ್ಟು, ಬೆಲ್ಟು, ಗಾಡಿ ಪಲ್ಟಿ ಆದ್ರೂ ಮ್ಯಾಲಿನ ತಗಡು ಕುಸೀಬಾರ್ದು ಅಂತ ಒಳಗ ಕಬ್ಬಿಣದ ಪಂಜರ, ಇದ್ಯಾವುದರಾಗೂ ಅವ ಕಳ್ಳಾಟ ಮಾಡ್ಲಿಲ್ಲ. ಹಂಗಂದ್ರ ಅಕ್ಕ ಕೇಳ್ಬೇಕಲ್ಲ? ಬ್ಯಾಡ ಅಂದ್ಲು, ಅತ್ಲು, ಊಟ ಬಿಟ್ಲು. ಅವ ತಾಟಿನ ಮುಂದ ಕುಂತವ ರೊಟ್ಟಿ ಮುರಕೊಂತ ಹೇಳ್ದ.

"ಅಕ್ಕಾ, ಜೀವ ನಂದು. ಏನ್ ಮಾಡ್ಕೋಬೇಕು ಅನ್ನೋದು ನಂಗ ಬಿಡು."

ಆಕಿ ಅವನ ಕಡೆ ನೋಡ್ಲೇ ಇಲ್ಲ. ನನ್ನ ಕಡೆ ತಿರುಗಿದ್ಲು.

"ಕೇಳಿದ್ರಿಲ್ಲ? ಅವನ ಜೀವ ಅವಂದಂತ. ಹಂಗಾದ್ರ ನೀವು ಅವನ ಪಕ್ಕದಾಗ ಕುಂದರ್ರಿ. ನಿಮ್ಮ ಜೀವ ಅವಂದಲ್ಲ, ನಂದು."

ಆತಪ್ಪ, ಮುಗೀತು. ನನ್ನ ಜೀವ ನಂದು ಅಂತ ಹೇಳಾಕ ನಂಗ ಅಲ್ಲಿ ಸಂದಿನೇ ಉಳೀಲಿಲ್ಲ. ಅವ ನಕ್ಕ. ಆದ್ರ ಅವತ್ತಿನಿಂದ ಗಾಡಿ ಹೊಡೆಯೋದ್ರಾಗ ಒಂದು ಹಿಡಿತ ಬಂತು. ಸುಳ್ಳು ಯಾಕ ಹೇಳ್ಲಿ, ಆಕಿ ಲೆಕ್ಕ ಅಲ್ಲೀತನ ಸರೀನೇ ಇತ್ತು.

ರ‍್ಯಾಲಿ ಹಿಂದಿನ ದಿನ ಗಾಡಿ ಹಂಪಿಗೆ ಒಯ್ದು ಪೂಜೆ ಮಾಡಿಸಿ, ಗಾಲಿ ಕೆಳಗ ನಿಂಬಿಹಣ್ಣಿಟ್ಟು ದಾಟಿಸಿಕೊಂಡು ಬಂದ್ವಿ. ಮಧ್ಯಾಹ್ನ ನಮ್ಮ ಮನಿಯಾಗ ಊಟ. ಉಂಡ್ಕೊಂತ ಅವ ಒಂದೇ ಒಂದು ತಿರುವಿನ ಮಾತಾಡ್ದ. ಸಂಡೂರು ರಸ್ತೆದಾಗ ಅದಿರು ಗುಡ್ಡಿ ಹಾಕೋ ಯಾರ್ಡ್ ಐತಲ್ಲ, ಅದರ ಗೇಟಿನ ಮುಂದ ಎಡಕ್ಕ ಒಂದು ಬಿಗಿ ತಿರುವು. ಲಾರಿ ಹೊರಳೋವಾಗ ಉದುರಿದ ಪುಡಿ ಅಲ್ಲಿ ಬಿದ್ದೇ ಇರ್ತೈತಿ. ಮುಂದಿನ ಗಾಡಿ ಎಬ್ಬಿಸಿದ ಧೂಳು ಇಳಿಯೋದ್ರೊಳಗ ನಾವು ಅಲ್ಲಿ ಇರ್ತೀವಿ, ಕಣ್ಣು ಕಟ್ಟಿ ಬಿಟ್ಟಂಗ ಆಗ್ತೈತಿ, ಅಲ್ಲಿ ಮಾತ್ರ ಪೂರಾ ನಿಧಾನ ಮಾಡೋಣ ಮಾವ ಅಂದ. ಹೂಂ ಅಂದೆ. ಆಕಿ ನಮಗ ಸಾರು ಬಡಿಸಾಕತ್ತಿದ್ಲು. ಆಕಿ ಇದನ್ನ ಕೇಳಿಸ್ಕೊಂಡಿದ್ದು ನಂಗ ಗೊತ್ತಾಗ್ಲೇ ಇಲ್ಲ.

ಮರುದಿನ ಎರಡನೇ ಗಾಡಿ ನಮ್ದು. ನಾ ತಿರುವು ಹೇಳ್ಕೊಂತ ಹೋದೆ, ಅವ ಕೇಳ್ಕೊಂತ ಹೋದ. ಯಾರ್ಡ್ ತಿರುವು ಬಂತು. ಎಡಕ್ಕ, ಬಿಗಿ, ಧೂಳು ಅಂತ ಕೂಗ್ದೆ. ಅವ ಬ್ರೇಕ್ ಒತ್ತೇ ಬಿಟ್ಟಿದ್ದ. ಆಮ್ಯಾಲ ಮುಂದ ನೋಡಿದ್ರ ಎಲ್ಲಾ ನಿಚ್ಚಳ. ಆಚಿ ಕಡೆ ಕಲ್ಲಿನ ಗೋಡಿ, ಅದರ ಹಿಂದಿನ ಗುಡ್ಡ, ಗಿಡ, ಎಲ್ಲಾ ಕಾಣ್ತಾವ.

"ಮಾವಾ, ಧೂಳೇ ಇಲ್ಲ ನೋಡ್ರಿ," ಅಂದ.

ಎಷ್ಟು ಖುಷಿ ಇತ್ತು ಆ ದನಿಯಾಗ! ಬ್ರೇಕಿನಿಂದ ಕಾಲು ತೆಗೆದು ವೇಗ ಏರಿಸ್ದ. ಅವ ನೋಡಿದ್ದು ದೂರದ ರಸ್ತೆ, ಗಾಲಿ ಮುಂದಿನ ರಸ್ತೆ ಅಲ್ಲ. ಟಾರ್ ಮ್ಯಾಲ ಅದಿರು ಪುಡಿ, ಪುಡಿ ಮ್ಯಾಲ ನೀರು, ಸಬಕಾರ ಹಚ್ಚಿದ ಬಚ್ಚಲಂಗ ಆಗಿತ್ತು. ಸ್ಟೇರಿಂಗ್ ಎಡಕ್ಕ ತಿರುಗ್ತು, ಗಾಡಿ ಸೀದಾ ಹೋತು. ಅವನ ಬಾಜೂ ಗೋಡಿಗೆ ಬಡೀತು.

ನಂಗ ಭುಜದ ಎಲುಬು ಮುರಿದಿತ್ತು, ಅಷ್ಟ. ಅವ ಎಚ್ಚರ ಇದ್ದ. ಕುತ್ತಿಗಿ ಹೊರಳಿಸದಂಗ, ಭಾಳ ಸಣ್ಣ ದನಿಯಾಗ ಕೇಳ್ದ: "ಮಾವ, ನನ್ನ ಕಾಲು ಎಲ್ಲಿ ಅದಾವ ನೋಡ್ರಿ." ಕಾಲು ಇದ್ದಲ್ಲೇ ಇದ್ವು. ಅದಾವಪ್ಪ, ಇಲ್ಲೇ ಅದಾವ, ಎರಡೂ ಅದಾವ ಅಂತ ನಾ ಒದರಾಕತ್ತಿದ್ದೆ. ರ‍್ಯಾಲಿಯವರ ಆಂಬುಲೆನ್ಸ್ ಜಲ್ದಿನೇ ಬಂತು. ಅವ್ರು ಅವನ್ನ ಎಳೀಬ್ಯಾಡ್ರಿ, ಹಲಗಿ ಮ್ಯಾಲ ಹಾಕಿ ಬಿಗಿದು ತೆಗೀಬೇಕು ಅಂತ ನಿಧಾನ ಮಾಡಿದ್ರ ನಾ ಅವರ ಅಂಗಿ ಹಿಡಿದು ಬೈದೆ. ಜಲ್ದಿ ಮಾಡ್ರೋ, ಸಾಯ್ತಾನ ಅವ, ನನ್ನ ಹೆಂಡ್ತಿಗೆ ನಾ ಯಾವ ಮುಖ ತೋರಿಸ್ಲಿ ಅಂತ ಅತ್ತೆ. ದೇವ್ರಂಥಾ ಮಂದಿ, ತಮ್ಮ ಕೆಲಸ ತಾವು ಮಾಡಿದ್ರು.

ಹೊಸಪೇಟೆ ದವಾಖಾನಿಯಾಗ ನೋಡಿ ಬಳ್ಳಾರಿಗೆ ಒಯ್ರಿ ಅಂದ್ರು. ಬಳ್ಳಾರಿಯಾಗ ಬೆನ್ನಿನ ಹುರಿ ಹೋಗೈತಿ, ಉಳೀತಾನ, ಆದ್ರ ಸೊಂಟದ ಕೆಳಗ ಮುಟ್ಟಿದ್ರೂ ಗೊತ್ತಾಗೋದಿಲ್ಲ, ಎದ್ದು ನಡೆಯೋದಿಲ್ಲ ಅಂದ್ರು. ಬಾಗಿಲ ಹೊರಗ ಆಕಿ ಬಂದು ನಿಂತಾಗ ನಂಗ ಸಿಟ್ಟು ನೆತ್ತಿಗೇರಿತ್ತು. ಧೂಳು ಇರಬೇಕಾದಲ್ಲಿ ನೀರಿತ್ತು, ಯಾವ ಬೇವರ್ಸಿ ನೀರು ಬಿಟ್ಟಾನೋ ಅವನ್ನ ಹುಡುಕಿ ಸಿಗೀತೀನಿ ಅಂದೆ. ಆಕಿ ನನ್ನ ಕೈ ಹಿಡ್ಕೊಂಡ್ಲು.

"ನಾನ್ರಿ," ಅಂದ್ಲು. "ಧೂಳಿನಾಗ ನಿಮಗ ಕಣ್ಣು ಕಾಣೋದಿಲ್ಲಂತ ನಾನೇ ಟ್ಯಾಂಕರಿನವಗ ಹೇಳಿ ಬಿಡಿಸಿದ್ದೆ."

ಹಿಂದಿನ ದಿನ ಮಜ್ಜಿಗಿ ಕೊಡೋವಾಗ ಹೇಳಿದ್ಲಂತ. ಅವನ ಟ್ಯಾಂಕರ್ ಆ ಯಾರ್ಡಿನೊಳಗೇ ನಿಲ್ಲೋದು. ಹಂಗಾಗಿ ರಸ್ತೆ ಬಂದ್ ಮಾಡಿದವ್ರು ಯಾರೂ ಅವನ್ನ ತಡೆದಿರಲಿಲ್ಲ. ರ‍್ಯಾಲಿ ಶುರುವಾಗೋ ಮುಂಚೆ ರಸ್ತೆ ಸರಿ ಐತೇನು ಅಂತ ನೋಡಿ ಬರೋ ಗಾಡಿ ದಾಟಿ ಹೋದ ಮ್ಯಾಲ ಗೇಟ್ ತೆಗೆದು, ಅಕ್ಕ ಹೇಳ್ಯಾಳಂತ ತಿರುವಿನ ತುಂಬಾ ನೀರು ಬಿಟ್ಟು, ಒಳಗ ಹೋಗಿದ್ದ. ನಮ್ಮಕಿಂತ ಮೊದಲು ಹೋದ ಗಾಡಿನೂ ಜಾರಿ ಹೆಂಗೋ ಉಳ್ಕೊಂಡಿತ್ತಂತ, ಆಮ್ಯಾಲ ಗೊತ್ತಾತು. ಸಿಟ್ಟು ಯಾರ ಮ್ಯಾಲ ಮಾಡ್ಲಿ ಹೇಳ್ರಿ? ತಮ್ಮಗ ಹೇಳಬ್ಯಾಡ್ರಿ ಅಂತ ಆಕಿ ನನ್ನ ಕಾಲಿಗೆ ಬಿದ್ಲು. ಹೇಳೋದಿಲ್ಲ ಅಂತ ಮಾತು ಕೊಟ್ಟೆ.

ಅವನ್ನ ನಮ್ಮ ಮನಿಗೇ ತಂದು ಮುಂದಿನ ಪಡಸಾಲಿಯಾಗ ಮಂಚ ಹಾಕಿದ್ವಿ. ಆಕಿ ಅವನ ಸೇವಾ ಮಾಡೋದು, ಹಿತ್ತಲಕ್ಕ ಹೋಗಿ ಬಾಯಿಗೆ ಸೆರಗು ತುರುಕ್ಕೊಂಡು ಅಳೋದು. ಸೊರಗಿ ಕಡ್ಡಿ ಆದ್ಲು. ಒಂದಿನ ನೀರಿಗೆ ಹೋದಾಕಿ ಬಾವಿ ಕಟ್ಟಿ ಮ್ಯಾಲ ಕುಂತು ಕೆಳಗ ನೋಡಾಕತ್ತಿದ್ಲು. ಅವತ್ತಿನಿಂದ ನಾ ಅಂಗಡಿ ಬಿಟ್ಟು ಆಕಿ ಹಿಂದ ಹಿಂದ ಅಡ್ಡಾಡಾಕತ್ತಿದೆ. ಒಬ್ಬ ಮಂಚದ ಮ್ಯಾಲ, ಇನ್ನೊಬ್ಬಾಕಿ ಬಾವಿ ಕಡೆ. ನಾ ಯಾರನ್ನ ಹಿಡ್ಕೊಳ್ಳಲಿ ಅಂತ ತಲಿ ಕೆಟ್ಟು ಹೋಗಿತ್ತು.

ಟ್ಯಾಂಕರ್ ಮಾತ್ರ ದಿನಾ ಬರ್ತಿತ್ತು, ಹಾರ್ನ್ ಹೊಡೀತಿತ್ತು. ಆಕಿ ಕಿವಿ ಮುಚ್ಕೊಂಡು ಒಳಗ ಹೋಗೋದನ್ನ ತಮ್ಮ ಮಂಚದ ಮ್ಯಾಲಿಂದ ನೋಡ್ತಿದ್ದ. ಒಂದು ಮಧ್ಯಾಹ್ನ ಕೇಳೇ ಬಿಟ್ಟ. ಯಾಕಕ್ಕಾ, ಈಗ ಮಜ್ಜಿಗಿ ಕೊಡೋದಿಲ್ಲ, ಧೂಳೆಲ್ಲಾ ನನ್ನ ಮುಖದ ಮ್ಯಾಲ ಬರಾಕತ್ತೈತಿ ಅಂದ. ಆಕಿ ಮಂಚದ ಕಾಲು ಹಿಡ್ಕೊಂಡು ಕುಂತ್ಲು, ಎಲ್ಲಾ ಹೇಳಿಬಿಟ್ಲು. ನಂಗ ತಡಿಯಾಕ ಆಗ್ಲಿಲ್ಲ.

ಅವ ಅಕ್ಕನ ಕಡೆಯಿಂದ ಕಣ್ಣು ತೆಗೆದು ತೊಲಿ ನೋಡ್ದ.

"ಆ ನೀರು ನಂಗ ಕಂಡಿತ್ತಕ್ಕಾ," ಅಂದ. "ದಾಟ್ತೀನಿ ಅಂತ ನಾನೇ ಹೊಡೆದೆ. ಬೇಕಿದ್ರ ಮಾವನ್ನ ಕೇಳು."

ಆಕಿ ನನ್ನ ಕಡೆ ತಿರುಗಿದ್ಲು. ಹೌದೇನ್ರಿ ಅಂತ ಬಾಯಿ ಬಿಟ್ಟು ಕೇಳ್ಲಿಲ್ಲ, ಕಣ್ಣೇ ಕೇಳಿದ್ವು. ಧೂಳೇ ಇಲ್ಲ ನೋಡ್ರಿ ಅಂದ ಆ ಖುಷಿ ದನಿ ನನ್ನ ಕಿವಿಯಾಗ ಇನ್ನೂ ಇತ್ತು.

"ಹೌದು," ಅಂದೆ. "ನೀರೈತಿ, ನಿಧಾನ ಅಂತ ನಾನೂ ಬಡ್ಕೊಂಡೆ. ಮಗ ಕೇಳ್ಲಿಲ್ಲ."

ಅಷ್ಟು ದಿನ ಹಿತ್ತಲಾಗ ನುಂಗಿಕೊಂಡಿದ್ದೆಲ್ಲಾ ಆಕಿ ಬಾಯಿಗೆ ಬಂತು. ಲೇ ಹಾಳಾದವನ, ನಿಂಗ ಕಣ್ಣಿಗೆ ಕಂಡೂ ಹೋದೇನೋ, ನನ್ನ ಗಂಡನ್ನ ಪಕ್ಕದಾಗ ಇಟ್ಕೊಂಡು ಹೋದೇನೋ ಅಂತ ಎದ್ದು ನಿಂತು ಹೊದಿಕಿ ಮ್ಯಾಲಿಂದ ಅವನ ಕಾಲಿಗೆ ಹೊಡೆಯಾಕತ್ತಿದ್ಲು. ಹಿಡಿಯಾಕ ಹೋದ್ರ ಅವ ತಲಿ ಅಲ್ಲಾಡಿಸಿ ನನ್ನನ್ನ ತಡೆದ. ಆಕಿ ಕಡೆ ನೋಡ್ಲಿಲ್ಲ, ನನ್ನನ್ನೇ ನೋಡ್ಕೊಂತ ಮಲಗಿದ್ದ. ಆಕಿ ಹೊಡೆಯೋದು ನಿಲ್ಲಿಸಿದ್ದು ಅವಗ ನನ್ನ ಮುಖ ನೋಡಿ ಗೊತ್ತಾತು.