ಎಲೆಯ ಅಂಚು ಕೇಳುವ ವೆತೂರಿಯಾ
ಕ್ಲುಜ್ ಊರಿನ ಸಸ್ಯೋದ್ಯಾನದಲ್ಲಿ ಪಾಠ ಹೇಳುವ ವೆತೂರಿಯಾ ಮೇಡಂ ಎದುರು ಯಾವ ಗಿಡವನ್ನೂ ಚೆಂದ ಅನ್ನುವಂತಿಲ್ಲ. “ಚೆಂದ ಅಂದ್ರೆ ಏನಯ್ಯಾ? ಅಂಚು ನುಣುಪೋ, ಗರಗಸವೋ, ಅದನ್ನ ಹೇಳು,” ಎಂದು ಗದರುತ್ತಾರೆ. ತಟ್ಟೆಗೆ ಬಂದ, ಹೂರಣ ತುಂಬಿದ ಕೋಸಿನೆಲೆಯ ಸುರುಳಿಯನ್ನೂ ಬಿಚ್ಚಿ, ನರಗಳ ಹೆಣಿಗೆ ತೋರಿಸದೆ ತಿನ್ನುವವರಲ್ಲ. ಯಾರದೋ ಮದುವೆಯಲ್ಲಿ ವಧುವಿನ ಹೂಗುಚ್ಛವನ್ನೇ ಕಸಿದುಕೊಂಡು ಕೇಸರ ಎಣಿಸಿದವರು. ಉದ್ಯಾನದ ಮಾಲಿಯಾಗಿದ್ದ ಗಂಡ ಸೆವೆರ್ ಲಕ್ವ ಹೊಡೆದು ಮಾತು ಕಳೆದುಕೊಂಡ ಮೇಲೆ, ದಿನವೂ ಒಂದೊಂದು ಎಲೆಯನ್ನು ಅವರ ಅಂಗೈಯಲ್ಲಿಟ್ಟು, “ಮುಟ್ಟಿ ನೋಡಿ ಹೇಳ್ರೀ, ಹೇಗಿದೆ?” ಎಂದು ಕೇಳತೊಡಗಿದರು. ಚಳಿಗಾಲವೆಲ್ಲ ಹೀಗೇ ನಡೆಯಿತು. ಏಪ್ರಿಲ್‌ನಲ್ಲಿ ಒಂದು ದಿನ, ಮೇಡಂ ಅವರ ವಿದ್ಯಾರ್ಥಿಯಾದ ನನ್ನೆದುರಿಗೇ ಸೆವೆರ್ ಎಲೆಯನ್ನು ಬದಿಗಿಟ್ಟು, ಹೆಂಡತಿಯ ಕೈ ಹಿಡಿದು, ಮೆಲ್ಲಗೆ ಸವರಿ, “ಒ... ಒರಟು,” ಎಂದರು. “ಸರಿಯಾಗಿ ಹೇಳಿದ್ರಿ,” ಎಂದ ಮೇಡಂ ಕತ್ತಲಾಗುವವರೆಗೂ ಆ ಕೈ ಬಿಡಿಸಿಕೊಳ್ಳಲಿಲ್ಲ.