ಪರದೆಯ ಕೆಳಗೆ ಉಳಿದ ಹೆಸರು

ಗೋಕಾಕದ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ ತಯಾರಿಸುವುದು ನನ್ನ ಕೆಲಸ. ಸುತ್ತಲಿನ ಊರುಗಳ ಎಷ್ಟೋ ಮದುವೆಗಳು ನನ್ನ ಕೈಯಿಂದ ಹಾಯ್ದು ಹೋಗಿವೆ, ನನ್ನದೊಂದು ಬಿಟ್ಟು. ಈ ಮಾತನ್ನು ನಾನೇ ಹೇಳಿ ನಾನೇ ನಗುತ್ತೇನೆ. ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ.

ಅಚ್ಚಿಗೆ ಹಾಕುವ ಮುನ್ನ ಪರದೆಯ ಸ್ಕ್ರೀನ್‌ಶಾಟ್ ತೆಗೆದು ಗಿರಾಕಿಗಳ ಮೊಬೈಲಿಗೆ ಕಳಿಸುತ್ತೇವೆ. “ಹೆಸರೆಲ್ಲಾ ಬರೋಬರಿ ಅದಾವ ನೋಡ್ರಿ” ಅಂತ ಕೇಳಿ, ಅವರು ಹೂಂ ಅಂದ ಮೇಲೆಯೇ ಅಚ್ಚು. ಕೀಬೋರ್ಡಿನ ಸ್ಕ್ರೀನ್‌ಶಾಟ್ ಗುಂಡಿ ಒತ್ತಲು ನನ್ನ ಬೆರಳಿಗೆ ಈಗ ಕಣ್ಣು ಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಮೂಡಲಗಿಯಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿದೆ. ಅಪ್ಪ ಅವ್ವ ಇಲ್ಲ. ನನಗೆ ಉಳಿದವಳು ಅಕ್ಕ ಒಬ್ಬಳೇ, ಹುಕ್ಕೇರಿ ತಾಲೂಕಿನ ದಡ್ಡಿ ಎಂಬ ಊರಿಗೆ ಕೊಟ್ಟವಳು. ಗೃಹಪ್ರವೇಶದ ದಿನ ತುಂಬಿದ ಕೊಡ ಹೊತ್ತು ಮೊದಲು ಒಳಗೆ ಕಾಲಿಡಬೇಕಾದವಳೂ ಅವಳೇ. ಅಂಥವರನ್ನು ಮನೆಗೆ ಹೋಗಿ, ಹಣೆಗೆ ಕುಂಕುಮ ಹಚ್ಚಿ, ಕಾರ್ಡು ಕೈಗೆ ಕೊಟ್ಟು ಕರೆಯಬೇಕು. ಫೋನಿನಲ್ಲಿ ಕರೆದದ್ದು ನಮ್ಮಲ್ಲಿ ಕರೆದ ಲೆಕ್ಕವಲ್ಲ.

ಅದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಕಾರ್ಡು ಅಚ್ಚಾದ ಮೇಲೆ ರವಿವಾರ ಹೋಗಿ ಕರೆಯುವವಳಿದ್ದೆ. ಹೆಸರು ಸರಿ ಇವೆಯೋ ನೋಡಲಿ ಅಂತ, ಗಿರಾಕಿಗಳಿಗೆ ಕಳಿಸಿದ ಹಾಗೆಯೇ ಅವಳಿಗೂ ಒಂದು ಸ್ಕ್ರೀನ್‌ಶಾಟ್ ಕಳಿಸಿದೆ. ಜೊತೆಗೆ ಒಂದು ಸಾಲನ್ನೂ ಬರೆಯಲಿಲ್ಲ. ಅಕ್ಕನ ಕಣ್ಣು ಮಂಜು ಅಂತ ಅಕ್ಷರ ದೊಡ್ಡದಾಗಿ ಕಾಣುವಂತೆ ಮಾಡಿ ಗುಂಡಿ ಒತ್ತಿದ್ದೆ.

ಮಧ್ಯಾಹ್ನ ಫೋನು ಬಂತು. “ಹೊರಗಿನವರಿಗೆ ಕುಂಕುಮ, ನನಗ ಮೊಬೈಲಾ? ಹೋಗ್ಲಿ, ಅದರಾಗ ನಮ್ಮ ಹೆಸರರೆ ಐತೇನ?”

ಅಂಗಡಿ ತುಂಬ ಜನ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಕೆಳಗ ದಪ್ಪ ಅಕ್ಷರದಾಗ ನಿಮ್ಮದ ಹೆಸರೈತಿ. ಓದಾಕ ಬರಾಂಗಿಲ್ಲೇನ ನಿನಗ?” ಅಂದುಬಿಟ್ಟೆ.

ಅವ್ವ ಹೊಲದ ಕೂಲಿಗೆ ಹೋಗುವಾಗ ನನ್ನನ್ನು ಎತ್ತಿಕೊಳ್ಳಲು ಅಕ್ಕ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ನನ್ನ ಪಾಟಿಯ ಮೇಲೆ ಮೊದಲ ಅಕ್ಷರ ತಿದ್ದಿಸಿದ್ದೂ ಅವಳೇ. ಫೋನು ಇಟ್ಟಳು.

ಸಂಜೆ ಆ ಚಿತ್ರ ತೆಗೆದು ನೋಡಿದೆ. ಅಕ್ಷರ ದೊಡ್ಡದು ಮಾಡಿದ್ದರಿಂದ ಕಾರ್ಡಿನ ಕೆಳಗಿನ ಭಾಗ ಪರದೆಯಿಂದ ಜಾರಿ ಹೋಗಿತ್ತು. ಆಮಂತ್ರಿಸುವವರು ಅಂತ ನಾನು ಮೊದಲು ಬರೆದಿದ್ದ ಅಕ್ಕನ, ಅವಳ ಗಂಡನ ಹೆಸರು ಚಿತ್ರದಲ್ಲಿ ಇರಲೇ ಇಲ್ಲ. ಅಕ್ಕ ಸರಿಯಾಗಿಯೇ ಓದಿದ್ದಳು. ಫೋನು ಮಾಡಿದೆ, ಎತ್ತಲಿಲ್ಲ. ಅದನ್ನೇ ನೆಪ ಮಾಡಿಕೊಂಡು ದಡ್ಡಿಗೆ ಹೋಗಲೂ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆದರೆ ಹೋದದ್ದರ ಹಿಂದೆ ನಾಲ್ಕು ಹೆಜ್ಜೆ ಹೋಗಬೇಡ ಅಂತ ಯಾರೂ ಹೇಳಿಲ್ಲ. ಗೃಹಪ್ರವೇಶಕ್ಕೆ ಅಕ್ಕ ಬರಲಿಲ್ಲ, ಕೊಡವನ್ನು ಬಾಜೂ ಮನೆಯವರು ಹೊತ್ತರು.

ಆಮೇಲೆ ನನಗೊಂದು ಚಟ ಅಂಟಿತು. ಅಕ್ಕ ಮೊಬೈಲಿನಲ್ಲಿ ಸ್ಟೇಟಸ್ ಹಾಕುತ್ತಿದ್ದಳು: ಎಮ್ಮೆಯ ಕರು, ಏರಿದ ಹೊಳೆ, ಬಿಸಿ ರೊಟ್ಟಿಯ ಬುಟ್ಟಿ. ಒಂದು ದಿನಕ್ಕೆ ಮಾಯವಾಗುತ್ತವಲ್ಲ, ಅದಕ್ಕೇ ನಾನು ಒಂದೊಂದನ್ನೂ ಸ್ಕ್ರೀನ್‌ಶಾಟ್ ತೆಗೆದಿಡುತ್ತಿದ್ದೆ. ಅಂಗಡಿಯಿಂದ ಬಂದು, ಒಬ್ಬಳಿಗಾಗುವಷ್ಟು ಅನ್ನಕ್ಕಿಟ್ಟು, ಅವನ್ನು ಒಂದೊಂದಾಗಿ ಸರಿಸುತ್ತ ಕೂರುತ್ತಿದ್ದೆ. ಕರು ಎಮ್ಮೆಯಾಯಿತು. ಆ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇರಲಿಲ್ಲ.

ಈ ಮಳೆಗಾಲದಲ್ಲಿ ಒಂದು ರವಿವಾರ ಮಧ್ಯಾಹ್ನ ವಿಡಿಯೋ ಕಾಲ್ ಬಂತು. ಪರದೆ ತುಂಬ ಅಕ್ಕನ ಮುಖ. ಬೇಕೆಂದೇ ಮಾಡಿದಳೋ, ಬೆರಳು ತಾಗಿ ಬಂತೋ ತಿಳಿಯದು. ಕೂದಲು ಬೆಳ್ಳಗಾಗಿತ್ತು. “ಹಲೋ, ಕೇಳಸಾಕತ್ತೈತೇನ?” ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಬೆರಳುಗಳು ಮೊಬೈಲಿನ ಬದಿಯ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದವು. ಚಿತ್ರ ಬಂತು. “ಅಕ್ಕಾ” ಅನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು. ತಿರುಗಿ ಮಾಡಿದರೆ ಎತ್ತಲಿಲ್ಲ.

ಆ ಚಿತ್ರದಲ್ಲಿ ಅಕ್ಕ ಬಾಯಿ ಅರೆ ತೆರೆದು ನನ್ನನ್ನೇ ನೋಡುತ್ತಿದ್ದಾಳೆ. ಮೂಲೆಯ ಪುಟ್ಟ ಚೌಕದಲ್ಲಿ ನಾನಿದ್ದೇನೆ. ಕಣ್ಣು ಗುಂಡಿಯ ಮೇಲೆ. ಎರಡು ವರ್ಷದ ಮೇಲೆ ಎದುರಿಗೆ ಬಂದ ಅಕ್ಕನನ್ನು ನಾನು ನೋಡಿಯೇ ಇರಲಿಲ್ಲ. ಅನ್ನ ಸೀದ ವಾಸನೆ ಬರುವವರೆಗೂ ಅತ್ತೆ.

ಮುಂದಿನ ರವಿವಾರ ಟ್ರಂಕಿನಲ್ಲಿದ್ದ ಗೃಹಪ್ರವೇಶದ ಹಳೆಯ ಕಾರ್ಡು, ಕುಂಕುಮದ ಡಬ್ಬಿ ತೆಗೆದುಕೊಂಡು ಹುಕ್ಕೇರಿಯ ಬಸ್ಸು ಹತ್ತಿದೆ. ಅಲ್ಲಿಂದ ದಡ್ಡಿಗೆ ಇನ್ನೊಂದು. ಅಕ್ಕ ರೊಟ್ಟಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

“ಮನಿ ಹೊಕ್ಕು ಎರಡ ವರ್ಷಾತಲ್ಲ. ಈಗ ಕರಿಯಾಕ ಬಂದೀಯೇನ?”

“ಹೂಂ,” ಅಂದೆ.

ಸೆರಗಿಗೆ ಕೈ ಒರೆಸಿಕೊಂಡು ಕಾರ್ಡು ತೆಗೆದುಕೊಂಡಳು. ಚಾಳೀಸು ಕಣ್ಣಿಗೆ ಏರಿಸಿಕೊಂಡಳು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಆಡಿಸುತ್ತ, ಮೇಲಿನಿಂದ ಒಂದಕ್ಷರವೂ ಬಿಡದೆ ಓದಿದಳು. ಕೊನೆಗೆ ತನ್ನ ಹೆಸರಿಗೆ ಬಂದಾಗ ಬೆರಳು ನಿಂತಿತು. ನಾನು ಡಬ್ಬಿಯ ಮುಚ್ಚಳ ತೆಗೆದು ಬೆರಳಿಗೆ ಕುಂಕುಮ ಹಚ್ಚಿಕೊಂಡು ಕಾಯುತ್ತ ನಿಂತಿದ್ದೆ.

ಹಣೆ ಮುಂದೆ ಮಾಡಲಿಲ್ಲ ಅವಳು. ಕಾರ್ಡು ಮಡಚಿದಳು.

“ಓದಾಕ ಬರ್ತೈತಿ ನನಗ,” ಅಂದಳು.