ಅಜ್ಜಿಯ ಬಾಯಲ್ಲಿ ಚಾಪುಡಿ

ಆ ಸಿನಿಮಾ ನಿರ್ದೇಶಕನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನಾನು ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಇಳಕಲ್ಲಿನಲ್ಲಿ, ದಿನಾ ಬಸ್ಸಿನ ಓಡಾಟ. ಮೂರು ವರ್ಷದ ಹಿಂದೆ ಅವನು ಶಾಲೆಗೇ ಹುಡುಕಿಕೊಂಡು ಬಂದ. ಇಳಕಲ್ಲಿನ ನೇಕಾರರ ಕೂಡುಕುಟುಂಬದ ಕತೆ, ಮಾತುಗಳನ್ನು ನಿಮ್ಮ ಕಡೆಯ ಭಾಷೆಗೆ ತಿದ್ದಿಕೊಡಿ ಎಂದ. ದಕ್ಷಿಣದ ಕಡೆಯವನು, ವಿನಯವಂತ. ಸಿನಿಮಾದವರು ನಮ್ಮ ಮಾತನ್ನು ನಗಿಸುವುದಕ್ಕಷ್ಟೇ ಬಳಸುವುದನ್ನು ನೋಡಿ ನನಗೆ ರೋಸಿಹೋಗಿತ್ತು. ಒಪ್ಪಿಕೊಂಡೆ.

ಅವನ ಕತೆಯ ಕೊನೆಗೆ ಮನೆಯ ಹಿರಿಯಳು ಸಾಯುತ್ತಾಳೆ. ಸಾಯುವ ಮೊದಲು ಒಂದೂವರೆ ಪುಟ ಬುದ್ಧಿವಾದ ಹೇಳುತ್ತಾಳೆ.

"ನಮ್ಮ ಕಡೆ ಸಾಯೋರು ಇಷ್ಟ ಮಾತಾಡೂದಿಲ್ರಿ" ಎಂದೆ.

"ಮತ್ತೆ ಹೇಗೆ ಮೇಡಂ?"

ಆಗ ನನ್ನ ಅಜ್ಜಿಯದನ್ನು, ಅಂದರೆ ಅವ್ವನ ತಾಯಿಯದನ್ನು, ಹೇಳಿಬಿಟ್ಟೆ. ಅಜ್ಜಿ ಮೂರು ದಿನ ಮಾತಿಲ್ಲದೆ ಮಲಗಿದ್ದಳು. ನಾಲ್ಕನೆಯ ದಿನ ಮುಂಜಾನೆ ಕಣ್ಣು ತೆರೆದು, ಸುತ್ತ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿ, "ಎಲ್ಲಾರೂ ಚಾ ಕುಡದ್ರೇನು?" ಎಂದಳು. ಅವ್ವ "ಹೂಂ, ಕುಡದ್ವಿ" ಎಂದಳು. ಯಾರೂ ಕುಡಿದಿರಲಿಲ್ಲ. ಅವತ್ತು ಒಲೆಯನ್ನೇ ಹೊತ್ತಿಸಿರಲಿಲ್ಲ. ಅಜ್ಜಿ ಮತ್ತೆ ಮಾತಾಡಲಿಲ್ಲ. ಕೊನೆಗಾಲದಲ್ಲಿ ತಾಯಿಗೆ ಸುಳ್ಳು ಹೇಳಿದೆನಲ್ಲ ಎಂಬುದು ಅವ್ವನನ್ನು ವರ್ಷಗಟ್ಟಲೆ ಕೊರೆದಿತ್ತು. ನನ್ನ ಹತ್ತಿರ ಒಂದೇ ಸಲ ಹೇಳಿಕೊಂಡಿದ್ದಳು.

ಅವನ ಕಣ್ಣಲ್ಲಿ ನೀರು ಬಂತು. "ಇದನ್ನ ನಂಗೆ ಕೊಡಿ ಮೇಡಂ. ಒಂದಕ್ಷರ ಬದಲಾಯಿಸಲ್ಲ."

ಅವ್ವನನ್ನು ಕೇಳಿದೆ. ಎರಡು ದಿನ ಕಳೆಯಿತು. ಆಮೇಲೆ, "ಆತು, ಕೊಡು. ನಾಕ ಮಂದಿ ಆಕೀನ್ನ ನೆನಸ್ತಾರ" ಎಂದಳು.

ಶೂಟಿಂಗ್ ನಡೆದದ್ದು ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ. ಹಿಂದೆ ಕೆಂಪು ಗುಡ್ಡ ಕಂಡರೆ ಚೆಂದವೆಂದು ಇಳಕಲ್ಲಿನ ಮಗ್ಗವನ್ನು ಅಲ್ಲಿಗೆ ಹೇರಿಕೊಂಡು ಹೋಗಿದ್ದರು. ಒಂದು ರವಿವಾರ ಹೋಗಿ ನೋಡಿದೆ. ಅಡುಗೆಮನೆ ಕಟ್ಟೆಯ ಮೇಲೆ ಒಂದೇ ಕಂಪನಿಯ ಎಣ್ಣೆ ಡಬ್ಬಿಗಳು, ಹೆಸರು ಮುಂದೆ ಮಾಡಿ ಸಾಲಾಗಿ ನಿಂತಿದ್ದವು. ಮಗ್ಗದ ಪಕ್ಕ ಗೋಡೆಬಣ್ಣದ ಡಬ್ಬಿ. ಇದೇನು ಎಂದು ಕೇಳಿದೆ.

"ಈ ಕಂಪನಿಯವರೆಲ್ಲ ದುಡ್ಡು ಕೊಡದಿದ್ರೆ ಸಿನಿಮಾನೇ ಆಗಲ್ಲ ಮೇಡಂ. ಎಲ್ಲೋ ಹಿಂದೆ ಕಾಣುತ್ತೆ, ಅಷ್ಟೆ."

ನಂಬಿದೆ. ಅದು ನನ್ನ ತಪ್ಪು.

ಬಿಡುಗಡೆಯಾದ ದಿನ ಅವ್ವನನ್ನೂ ಶಿರೂರಿನಿಂದ ಅವ್ವನ ತಂಗಿಯನ್ನೂ, ಅಂದರೆ ನಮ್ಮ ಚಿಗವ್ವನನ್ನು, ಕರೆದುಕೊಂಡು ಬಾಗಲಕೋಟೆಯ ಥೇಟರಿಗೆ ಹೋದೆ. ಮೊದಲ ಹತ್ತು ನಿಮಿಷದಲ್ಲೇ ಮುಖ ಮುಚ್ಚಿಕೊಳ್ಳುವಂತಾಯಿತು. ಅಣ್ಣತಮ್ಮಂದಿರು ಪಾಲಿಗಾಗಿ ಜಗಳಾಡುತ್ತಾರೆ, ಅವರ ಮುಖ ಬಿಟ್ಟು ನಡುವಿನ ಮಿಕ್ಸರ್ ಮಾತ್ರ ನಿಚ್ಚಳ. ಸೊಸೆ ಅಳುವುದು ಫ್ರಿಜ್ಜಿನ ಬಾಗಿಲು ತೆರೆದುಕೊಂಡು. ಮುದುಕ ಮೊಳಕಾಲಿಗೆ ಹಚ್ಚುವ ಮುಲಾಮನ್ನು ಮೊದಲು ನಮ್ಮ ಕಡೆ ಹಿಡಿದು ತೋರಿಸಿ ಆಮೇಲೆ ನರಳುತ್ತಾನೆ.

"ಇದು ಮನೀನೋ ಅಂಗಡೀನೋ?" ಎಂದಳು ಚಿಗವ್ವ.

ಕೊನೆಯ ದೃಶ್ಯ ಬಂತು. ಮುದುಕಿ ಕಣ್ಣು ತೆರೆದು ಎಲ್ಲರನ್ನೂ ನೋಡಿ, "ಎಲ್ಲಾರೂ ಚಾ ಕುಡದ್ರೇನು?" ಎಂದಳು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಅಷ್ಟರಲ್ಲಿ ಹಿರಿಸೊಸೆ ತಾಟಿನಲ್ಲಿ ಕಪ್ಪುಗಳನ್ನೂ ಹಳದಿ ಚಾಪುಡಿ ಪ್ಯಾಕೆಟ್ಟನ್ನೂ ಹಿಡಿದು ಬಂದು, ಕಂಪನಿಯ ಹೆಸರು ಹೇಳಿ, "ಇದರದ ಕುಡದ್ವಿ ಅತ್ತಿ" ಎಂದಳು. ಮುದುಕಿ ಒಂದು ಗುಟುಕು ಕುಡಿದು, "ಈ ರುಚಿ ಇರೂತನಾ ಮನಿ ಒಡಿಯೂದಿಲ್ಲ" ಎಂದು ನಕ್ಕು ಸತ್ತಳು. ಪ್ಯಾಕೆಟ್ಟು ದಿಂಬಿನ ಪಕ್ಕದಲ್ಲಿತ್ತು. ಟೀವಿ ಜಾಹೀರಾತಿನ ಅದೇ ರಾಗ ಕೊಳಲಿನಲ್ಲಿ ಬಂತು. ಮಂದಿ ಸೀಟಿ ಹೊಡೆದು ನಕ್ಕರು.

ಅವ್ವ ಎದ್ದಳು. "ನಡಿ."

ಅವತ್ತು ಸಿನಿಮಾದವರೂ ಊರಿಗೆ ಬಂದಿದ್ದರು. ಬಾಗಿಲಲ್ಲೇ ಅವನು ಸಿಕ್ಕ. ಅವ್ವನ ಕಾಲಿಗೆ ಬಗ್ಗಿದ. ಅವ್ವ ಹಿಂದೆ ಸರಿದಳು.

"ನಮ್ಮವ್ವ ಚಾಪುಡಿ ಮಾರಾಕಿ ಆಗಿದ್ಳೇನಪಾ?"

"ಅಮ್ಮಾ, ಅವರ ಮಾತು ಹಾಗೇ ಇದೆ. ಒಂದಕ್ಷರ ಬದಲಾಯಿಸಿಲ್ಲ. ಮುಂದೆ ಸ್ವಲ್ಪ ಸೇರಿಸಿದ್ದೀವಿ."

"ನಿಮ್ಮವ್ವನ ಬಾಯಾಗ ಸೇರಸ್ರಿ" ಎಂದೆ ನಾನು. ಸುತ್ತಲಿದ್ದವರು ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ.

ಇಳಕಲ್ಲಿನ ಬಸ್ಸು ಹಿಡಿದೆವು. ದಾರಿಯಲ್ಲಿ ಚಿಗವ್ವ ಕೇಳಿದಳು: "ಅಕ್ಕಾ, ಅವತ್ತ ನಾ ಬರೂದ್ರಾಗ ಎಲ್ಲಾ ಮುಗದಿತ್ತು. ಅವ್ವ ಖರೇನ ಹಂಗ ಕೇಳಿದ್ಳೇನು?"

"ಕೇಳಿದ್ಳು. ಕುಡದ್ವಿ ಅಂತ ನಾ ಸುಳ್ಳ ಹೇಳಿದೆ."

"ಮತ್ತೇನ್ ಹೇಳಬೇಕಿತ್ತು?" ಎಂದು ಚಿಗವ್ವ ಅವ್ವನ ಭುಜದ ಮೇಲೆ ಕೈ ಹಾಕಿದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಸಿನಿಮಾದಿಂದ ಅವ್ವನ ಮನಸ್ಸಾದರೂ ಹಗುರಾಯಿತಲ್ಲ ಎಂದು ಕೆಲವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ತುಣುಕು ಈಗ ಎಲ್ಲರ ಮೊಬೈಲಿನಲ್ಲಿದೆ. ಮದುವೆಮನೆಯಲ್ಲಿ ಚಾ ಕೊಡುವವರು ಮುದುಕಿಯ ದನಿ ಮಾಡಿ "ಎಲ್ಲಾರೂ ಚಾ ಕುಡದ್ರೇನು?" ಅಂದು ನಗುತ್ತಾರೆ. ಅದು ಯಾರ ಮಾತೆಂದು ಅವರಿಗೆ ಗೊತ್ತಿಲ್ಲ. ಅವ್ವ ಈಗ ಮದುವೆಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದಾಳೆ.

ಹೋದ ತಿಂಗಳು ಅವನು ಫೋನ್ ಮಾಡಿದ್ದ. ಇನ್ನೊಂದು ಕತೆ ಇದೆಯಂತೆ, ತಂದೆ ಮಗಳದು. ನಿಮ್ಮ ತಂದೆಯವರ ನೆನಪು ಏನಾದರೂ ಇದ್ದರೆ ಹೇಳಿ ಎಂದ.

"ಭಾಳ ಅದಾವ" ಎಂದೆ. "ನಿಮಗ ಒಂದೂ ಸಿಗೂದಿಲ್ಲ."